ಮುನೆಂಕಟಪ್ಪನಿಗೆ ಹಾಕದ ಎಲೆ

ಮುನೆಂಕಟಪ್ಪ ಓಡಿಹೋಗಲಿಲ್ಲ, ನಾರಾಯಣಮ್ಮ. ಕೆರೆ ಒಡೆದ ದಿನ ಅವನು ಆ ನೀರಿನಲ್ಲೇ ಸತ್ತ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ, ನಿನ್ನ ಅಮ್ಮ ಊರವರೆಲ್ಲರ ಎದುರಿಗೆ ನನ್ನನ್ನು ಕೇಳಿದಾಗ, ಗೊತ್ತಿಲ್ಲ ಎಂದೆ.

ಇಷ್ಟು ಬರೆಯುವುದಕ್ಕೆ ಚಿಂತಾಮಣಿಯ ಈ ಮನೆಯಲ್ಲಿ ಕೂತು ಎಷ್ಟು ಹಾಳೆ ಹರಿದೆನೋ. ಮಕ್ಕಳ ಪ್ರಬಂಧದಲ್ಲಿ ತಪ್ಪು ಹುಡುಕಿ ಕೆಂಪು ಗೀಟು ಎಳೆಯುವುದನ್ನೇ ಕಸುಬು ಮಾಡಿಕೊಂಡಿದ್ದವಳು ನಾನು. ನನ್ನದೇ ತಪ್ಪಿನ ಹತ್ತಿರ ಬಂದರೆ ಕೈ ಓಡುವುದಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಎದುರಿಗೆ ನಿಂತರೆ ನಾನು ಮತ್ತೆ ಸುಳ್ಳು ಹೇಳಿಬಿಡಬಹುದು — ನನ್ನ ಮೇಲೆ ನನಗೆ ಅಷ್ಟೇ ನಂಬಿಕೆ.

ನಮ್ಮೂರ ಕೆರೆ ಒಡೆದದ್ದು ನಮ್ಮಿಬ್ಬರ ಮುತ್ತಾತಂದಿರ ಕಾಲದಲ್ಲಿ, ಹೋದ ಶತಮಾನದ ಆರಂಭದಲ್ಲಿ. ಮಳೆ ಹಿಡಿದು ಬಿಡದೆ ಸುರಿದು, ಅಂಬಾಜಿದುರ್ಗದ ಕಡೆಯ ಹಳ್ಳಗಳೆಲ್ಲ ಉಕ್ಕಿ ಬಂದು ಕಟ್ಟೆ ಒಡೆಯಿತು. ಕಟ್ಟೆಯ ಕೆಳಗಿದ್ದ ನಿಮ್ಮ ಕೇರಿಯ ಮನೆಗಳು ಮೊದಲು ಹೋದವು. ಒಲೆಯ ಮುಂದೆ ಕೂತಿದ್ದ ಹೆಂಗಸರು, ತೊಟ್ಟಿಲಲ್ಲಿದ್ದ ಕೂಸುಗಳು, ಕಟ್ಟಿಹಾಕಿದ್ದ ದನ — ಎಲ್ಲ ಒಂದೇ ನೀರಿನ ಪಾಲು. ಹೆಣಗಳು ಗದ್ದೆಯ ಕೆಸರಿನಲ್ಲಿ ವಾರಗಟ್ಟಲೆ ಸಿಗುತ್ತಲೇ ಇದ್ದವಂತೆ. ಕೆರೆಯ ನೀರು ಕಾಯುವ ಕೆಲಸ ನಿಮ್ಮ ಮನೆಯದು. ನೀರಗಂಟಿ ಮುನೆಂಕಟಪ್ಪ ಕುಡಿದು ಮಲಗಿದ್ದ, ತೂಬು ಎತ್ತಲಿಲ್ಲ, ಕಟ್ಟೆ ಬಿರಿದದ್ದನ್ನು ಕಂಡು ಮದನಪಲ್ಲಿ ಕಡೆಗೆ ಓಡಿಹೋದ ಎಂದು ಊರು ತೀರ್ಮಾನಿಸಿತು. ಅಂದಿನಿಂದ ನಿಮ್ಮದು 'ನೀರು ಬಿಟ್ಟು ಓಡಿದೋರ ಮನೆ'. ಸ್ಕೂಲಿನಲ್ಲಿ ಕುಂಟಾಬಿಲ್ಲೆಯ ಜಗಳಕ್ಕೆ ನಾನೂ ಒಂದು ಸಲ ನಿನಗೆ ಹಾಗೆ ಅಂದಿದ್ದೆ. ನೀನು ಮರೆತಿರಬಹುದು. ನಾನು ಮರೆತಿಲ್ಲ.

ನಿಜವನ್ನು ನನಗೆ ಹೇಳಿದವರು ಅತ್ತಮ್ಮ. ಅಪ್ಪನ ಸೋದರತ್ತೆ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು ನಮ್ಮ ಅಡುಗೆಮನೆಯಲ್ಲೇ ಮುದುಕಿಯಾದವರು. ನನಗೆ ಆಗಷ್ಟೇ ಟೀಚರ್ ಕೆಲಸ ಸಿಕ್ಕಿತ್ತು. ಹಾಸಿಗೆ ಹಿಡಿದಿದ್ದ ಅವರಿಗೆ ಗಂಜಿ ಕುಡಿಸುತ್ತಿದ್ದೆ. ಲೋಟ ಪಕ್ಕಕ್ಕೆ ತಳ್ಳಿ ಶುರುಮಾಡಿದರು.

ಕೆರೆ ತುಂಬಿದರೆ ಹೆಚ್ಚಿನ ನೀರು ಹರಿದುಹೋಗುವ ಜಾಗ ಕೋಡಿ. ಆ ವರ್ಷ ನಮ್ಮ ಮುತ್ತಾತ ಎರಡನೇ ಬೆಳೆಯ ಆಸೆಗೆ ಆ ಕೋಡಿಗೇ ಕಲ್ಲು ಜೋಡಿಸಿ ಮಣ್ಣು ಮೆತ್ತಿಸಿ ಎತ್ತರ ಮಾಡಿಸಿದ್ದರಂತೆ. ಮೊಳದಷ್ಟು ನೀರು ಹೆಚ್ಚು ನಿಂತರೆ ನಮ್ಮ ಗದ್ದೆ ಇನ್ನೊಂದು ಸಲ ನಾಟಿ ಕಾಣುತ್ತಿತ್ತು. ಮಳೆ ಜೋರಾದಾಗ ಮುನೆಂಕಟಪ್ಪ ನಮ್ಮ ಅಂಗಳದಲ್ಲಿ ಬಂದು ನಿಂತ. ಹೊಸ್ತಿಲ ಒಳಗೆ ಮುತ್ತಾತನ ಮಗಳು, ಆಗ ಪುಟ್ಟ ಹುಡುಗಿಯಾಗಿದ್ದ ಅತ್ತಮ್ಮ, ನಿಂತಿದ್ದರು.

"ಕೋಡಿ ಬಿಚ್ಚಿಸಿ ಸ್ವಾಮಿ. ಕಟ್ಟೆ ತಡೆಯಲ್ಲ."

"ನಾಳೆ ನೋಡಣ ಹೋಗೋ," ಎಂದರಂತೆ ಮುತ್ತಾತ. ಒಳಗೆ ಊಟಕ್ಕೆ ಎಲೆ ಹಾಕಿತ್ತು.

ಅವನು ನಾಳೆಗೆ ಕಾಯಲಿಲ್ಲ. ಹಾರೆ ಹಿಡಿದು ಒಬ್ಬನೇ ಹೋದ. ಅತ್ತಮ್ಮ ಮಹಡಿಯ ಕಿಟಕಿಯಿಂದ ನೋಡಿದರು — ಸೊಂಟದ ಮಟ್ಟದ ನೀರಿನಲ್ಲಿ ನಿಂತು ಅವನು ಕೋಡಿಯ ಕಲ್ಲುಗಳನ್ನು ಮೀಟುತ್ತಿದ್ದ. ಅಷ್ಟರಲ್ಲಿ ಪಕ್ಕದ ಕಟ್ಟೆಯೇ ಕುಸಿಯಿತು. ಆಮೇಲೆ ಅವನು ಕಾಣಿಸಲಿಲ್ಲ, ಹೆಣವೂ ಸಿಗಲಿಲ್ಲ. ನೀರು ಇಳಿದ ಮೇಲೆ ಕೋಡಿಯಲ್ಲಿ ಅವನ ಹಾರೆ ಸಿಕ್ಕಿತು. ಮುತ್ತಾತ ಅದನ್ನು ತಂದು ನಮ್ಮ ಹಿತ್ತಲ ಬಾವಿಗೆ ಹಾಕಿಸಿದರು, ಓಡಿಹೋದ ಎಂದು ಮೊದಲು ಹೇಳಿದವರೂ ಅವರೇ. ಒಡೆದ ಕಟ್ಟೆಯನ್ನು ಮುಂದೆ ನಿಂತು ಕಟ್ಟಿಸಿದರು ಎಂದು ಊರು ನಮಗೆ ಮರ್ಯಾದೆ ಕೊಟ್ಟಿತು. ಕೆರೆ ಕೋಡಿ ಹರಿದಾಗ ಗಂಗಮ್ಮನಿಗೆ ಮೊದಲ ಬಾಗಿನ ನಮ್ಮ ಮನೆಯ ಹೆಣ್ಣುಮಕ್ಕಳದು ಎಂದಾಯಿತು.

ಯಾರಿಗೂ ಹೇಳಬೇಡ ಎಂದು ಅತ್ತಮ್ಮ ಆಣೆ ಹಾಕಿಸಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು, ನನಗೊಂದು ನೆಪವಾದರೂ ಇರುತ್ತಿತ್ತು. ಅವರು ಅಂದದ್ದು ಬೇರೆ.

"ನನ್ನ ಕೈಲಂತೂ ಆಗಲಿಲ್ಲ ಕಣೇ. ನೀನು ಓದಿದೋಳು, ನೀನಾದ್ರೂ ಹೇಳಮ್ಮ."

ಆಗಲಿ ಎಂದು ತಲೆಯಾಡಿಸಿ ಗಂಜಿ ಲೋಟ ಎತ್ತಿಕೊಂಡೆ. ಆಮೇಲೆ ನಾನು ಮದುವೆಯಾದೆ, ಚಿಂತಾಮಣಿಗೆ ಬಂದೆ, ರಿಟೈರ್ ಆದೆ. ಕೆರೆ ಒಣಗಿ ಜಾಲಿ ಬೆಳೆಯಿತು. ಕೆರೆಯೇ ಇಲ್ಲದ ಮೇಲೆ ಕೆರೆಯ ಮಾತು ಯಾಕೆ — ಹೀಗೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆದರೆ ಈಚೆಗೆ ಒಂದು ವರ್ಷ ಕೆರೆ ಮತ್ತೆ ತುಂಬಿತಲ್ಲ. ನಮ್ಮ ಮಕ್ಕಳು ಹುಟ್ಟಿದಾಗಿನಿಂದ ನೋಡದ ನೀರು. ಊರಿಗೆ ಊರೇ ಕೋಡಿಯ ಹತ್ತಿರ ಸೇರಿತ್ತು. ನನ್ನನ್ನು ಕಾರು ಮಾಡಿ ಕರೆಸಿಕೊಂಡಿದ್ದರು. ಬಾಗಿನಕ್ಕೆ ಮೊದಲು, ಅಂದು ಸತ್ತವರ ಹೆಸರು ಒಂದೊಂದಾಗಿ ಕೂಗಿ ಎಲ್ಲರಿಗೂ ಸೇರಿಸಿ ಒಂದು ಎಡೆ ಇಡೋಣ ಎಂದು ಊರಿನವರು ಮಾತಾಡಿಕೊಂಡಿದ್ದರು. ಹೆಸರುಗಳನ್ನು ಕೂಗಿ ಮುಗಿಸಿದಾಗ ನಿನ್ನ ಅಮ್ಮ ಎದ್ದು ನಿಂತಳು. ನಿನ್ನ ಭುಜ ಹಿಡಿದುಕೊಂಡಿದ್ದಳು, ನೆನಪಿದೆಯಾ?

"ನಮ್ಮ ತಾತನ ಹೆಸರೂ ಕೂಗ್ರಪ್ಪ."

ಯಾರೋ ಕಿಸಕ್ಕೆಂದರು. ಊರ ಯಜಮಾನರು ನನ್ನ ಕಡೆ ತಿರುಗಿದರು. "ಏನ್ ಟೀಚರಮ್ಮ, ನಿಮ್ಮನೇಲಿ ಹಿರೀಕರು ಏನಾದ್ರೂ ಹೇಳಿದ್ರಾ? ಕೂಗಣವಾ, ಬೇಡವಾ?"

ನಿನ್ನ ಅಮ್ಮ ಅವರನ್ನು ಬಿಟ್ಟು ನನ್ನನ್ನೇ ನೋಡಿದಳು. "ತಿಳಿದಿದ್ರೆ ಚೆಪ್ಪಮ್ಮಾ, ಹೇಳ್ಬಿಡು. ಓಡಿಹೋದ ಅಂದ್ರೂ ಸರಿ, ಸತ್ತ ಅಂದ್ರೂ ಸರಿ. ಅಮಾಸೆಗೆ ಅವನಿಗೊಂದು ಎಲೆ ಹಾಕಣವೋ ಬೇಡವೋ, ಅಷ್ಟೇ ನಂಗೆ ಬೇಕಾಗಿರೋದು."

ಅಷ್ಟೇ. ನಮ್ಮ ಮನೆಯ ಮಾನ ಕೇಳಲಿಲ್ಲ, ಗದ್ದೆ ಕೇಳಲಿಲ್ಲ, ಒಂದು ಎಲೆ ಕೇಳಿದಳು. ಬದುಕಿದ್ದಾನೋ ಸತ್ತಿದ್ದಾನೋ ತಿಳಿಯದವನಿಗೆ ಎಡೆ ಇಡುವುದು ಅಪಶಕುನ ಎಂದು ಅವನ ಹೆಂಡತಿ ಸಾಯುವ ತನಕ ಇಡಲಿಲ್ಲ, ಕುಂಕುಮವನ್ನೂ ಅಳಿಸಲಿಲ್ಲ. ವಯಸ್ಸು ಲೆಕ್ಕ ಹಾಕಿದರೆ ಎಂದೋ ಸತ್ತಿರಬೇಕಾದವನಾದರೂ, ಸತ್ತದ್ದನ್ನು ತಿಳಿದವರು ಹೇಳುವ ತನಕ ಎಲೆ ಇಲ್ಲ ಎಂದು ಆಮೇಲೆ ಬಂದವರೂ ಹಾಗೆಯೇ ನಡೆಸಿಕೊಂಡು ಬಂದರು. ಇದೆಲ್ಲ ನನಗೆ ಗೊತ್ತಿತ್ತು. ನನ್ನ ಕೈಯಲ್ಲಿ ಆಗ ಬಾಗಿನದ ಮೊರ ಇತ್ತು — ಅರಿಶಿನ ಹಚ್ಚಿದ ಹೊಸ ಮೊರ, ಬಳೆ, ಹಸಿರು ರವಿಕೆ ಕಣ. ಇಡೀ ಊರು ನಾನು ಬಿಡಲಿ ಎಂದು ಕಾಯುತ್ತಿತ್ತು. ನಿಜ ಹೇಳಿದ್ದರೆ ಆ ಮೊರವನ್ನು ನಿನ್ನ ಅಮ್ಮನ ಕೈಗೆ ಕೊಟ್ಟು ಹಿಂದೆ ಸರಿಯಬೇಕಾಗುತ್ತಿತ್ತು.

"ನಮ್ಮನೇಲಿ ಆ ಮಾತು ಯಾರೂ ಆಡಿಲ್ಲಮ್ಮ," ಎಂದೆ. "ನಂಗೇನೂ ಗೊತ್ತಿಲ್ಲ."

ಹೆಸರು ಕೂಗಲಿಲ್ಲ. ನಾನು ಮೊದಲ ಬಾಗಿನ ಬಿಟ್ಟೆ, ಜನ ಕೈಮುಗಿದರು, ಯಾರೋ ಫೋಟೋ ಹಿಡಿದರು. ಆ ಫೋಟೋದಲ್ಲಿ ನಾನು ನಗುತ್ತಿದ್ದೇನೆ, ನಾರಾಯಣಮ್ಮ. ಹೆದರಿ ಸುಳ್ಳು ಹೇಳಿದೆ ಎಂದು ಬರೆಯಬೇಕೆಂದುಕೊಂಡಿದ್ದೆ, ಆದರೆ ಹೆದರಿದವಳ ಮುಖ ಅಲ್ಲ ಅದು. ಮುಂದೆ ನಿಲ್ಲುವುದು ನನಗೆ ಇಷ್ಟವಾಗಿತ್ತು. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಇಲ್ಲ.

ನಿನ್ನ ಅಮ್ಮ ಹೋದ ಸುದ್ದಿ ಬಂದಾಗಲೂ ನಾನು ಬಂದು ಹೂವಿನ ಹಾರ ಹಾಕಿ ಹೋದೆ. ಬಾಯಿ ಬಿಡಲಿಲ್ಲ. ಮೊನ್ನೆ ನೀನು ಫೋನ್ ಮಾಡಿ, ಮಹಾಲಯ ಅಮಾವಾಸ್ಯೆಗೆ ಅಮ್ಮನಿಗೆ ಮೊದಲ ಎಡೆ, ಬಂದು ಹೋಗಿ ಟೀಚರಮ್ಮ ಎಂದೆ. ಒಂದೇ ಬೆಂಚಿನಲ್ಲಿ ಕೂತವಳು ನನ್ನನ್ನು ಬಹುವಚನದಲ್ಲಿ ಕರೆಯುತ್ತೀಯ. ಆಮೇಲೆ ನೀನೇ ನಗುತ್ತಾ ಅಂದೆ, "ಹೋಗೋ ಮುಂಚೆ ಅಮ್ಮ ಏನಂದ್ಲು ಗೊತ್ತಾ? ಇಲ್ಲಿ ಯಾರೂ ಹೇಳಲ್ಲ, ಅಲ್ಲಿಗೆ ಹೋದ್ಮೇಲೆ ತಾತ ಇದ್ದಾನಾ ಇಲ್ವಾ ನಾನೇ ನೋಡ್ಕೋತೀನಿ ಅಂದ್ಲು."

ನೀನು ನಕ್ಕೆ. ನಾನು ಫೋನ್ ಇಟ್ಟು ಹಾಳೆ ತೆಗೆದುಕೊಂಡು ಕೂತೆ. ನನ್ನ ಬಾಯಲ್ಲಿದ್ದ ಒಂದು ಮಾತಿಗೆ ಆ ಮುದುಕಿ ಸಾವಿನ ತನಕ ಹೋಗಬೇಕಾಯಿತು.

ಈ ಕಾಗದ ನಿನಗೆ ನನಗಿಂತ ಮೊದಲು ತಲುಪುತ್ತದೆ. ಊರಲ್ಲಿ ಯಾರಿಗೆ ಬೇಕಾದರೂ ಓದಿ ಹೇಳು. ಅಮಾವಾಸ್ಯೆಯ ದಿನ ನಾನು ಬೆಳಗಿನ ಬಸ್ಸಿಗೇ ಬಂದು, ಮೊದಲು ಕೋಡಿಯ ಹತ್ತಿರ ಜನ ಸೇರಿಸಿ ನನ್ನ ಬಾಯಿಂದಲೇ ಇದನ್ನು ಹೇಳುತ್ತೇನೆ. ನಮ್ಮ ಹಿತ್ತಲ ಬಾವಿ ಬತ್ತಿ ವರ್ಷಗಳಾದವು. ಆಳು ಇಳಿಸಿ ನೋಡಿಸುತ್ತೇನೆ, ಹಾರೆ ಸಿಕ್ಕರೂ ಸಿಗದಿದ್ದರೂ. ಮೊದಲ ಬಾಗಿನ ಇನ್ನು ನಮ್ಮ ಮನೆಯದಲ್ಲ. ನಿನ್ನ ಮನೆಯೊಳಗೆ ನನ್ನನ್ನು ಕರೆಯಬೇಕಿಲ್ಲ, ಕ್ಷಮಿಸಲೂ ಬೇಕಿಲ್ಲ.

ಎಡೆ ಇಟ್ಟು, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚುವ ಮುಂಚೆ ನಿನ್ನ ಅಮ್ಮನ ಎಲೆಯ ಪಕ್ಕ ಇನ್ನೊಂದು ಎಲೆ ಹಾಕು, ನಾರಾಯಣಮ್ಮ. ಅವನು ಸತ್ತಿದ್ದಾನೆ.