ಎಂಟು ಬಿಲ್ಲೆಗಳು, ಒಂದು ಅರ

ಕಾರ್ಖಾನೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಗಂಟೆ ಮೇಸ್ತ್ರಿ. ಲೋಹದ ತುಂಡನ್ನು ತಂತಿಗೆ ನೇತುಹಾಕಿ, ಸುತ್ತಿಗೆಯಿಂದ ಒಂದೇ ಒಂದು ಏಟು ಕೊಟ್ಟು, ಕಣ್ಣು ಮುಚ್ಚಿ ಕೇಳುವರು. "ಇದು ಗಟ್ಟಿ ಉಕ್ಕು" ಅನ್ನುವರು, ಇಲ್ಲವೇ "ಇದು ಮೆತ್ತನೆ ಕಬ್ಬಿಣ, ಆಚೆ ಬಿಸಾಕಿ" ಅನ್ನುವರು. ಇಪ್ಪತ್ತಾರು ವರ್ಷದಲ್ಲಿ ಅವರ ಮಾತು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಉಳಿದವರು ಅರದಿಂದ ಉಜ್ಜಿ ನೋಡುತ್ತಿದ್ದರು. ಗಟ್ಟಿ ಉಕ್ಕಿನ ಮೇಲೆ ಅರ ಜಾರುತ್ತದೆ, ಮೆತ್ತನೆ ಕಬ್ಬಿಣವನ್ನು ಕಚ್ಚುತ್ತದೆ. ಮೇಸ್ತ್ರಿ ಅದನ್ನು ಕಂಡು ನಗುವರು. "ಕಿವಿ ಇಲ್ಲದವರ ಕೆಲಸ ಅದು."

ಅವರ ಕಿವಿ ಹೋಗಿರುವುದು ಮಗಳಿಗೆ ಗೊತ್ತಾಗಿದ್ದು ಎರಡು ತಿಂಗಳ ಹಿಂದೆ. ಅವಳ ಮನೆ ಅದೇ ಬೀದಿಯಲ್ಲಿ, ನಾಲ್ಕು ಬಾಗಿಲು ಆಚೆಗೆ. ಒಂದು ಸಂಜೆ ಅಪ್ಪನ ಬೆನ್ನ ಹಿಂದೆಯೇ ಅವಳ ಮಗು ಮಂಚದಿಂದ ದೊಪ್ಪೆಂದು ಬಿದ್ದು, ಬೀದಿಗೆ ಬೀದಿಯೇ ಎದ್ದು ಬರುವಂತೆ ಕಿರುಚಿತು. ಮೊಮ್ಮಗ ಅಂದರೆ ಪ್ರಾಣ ಬಿಡುವ ಅಪ್ಪ ಪೇಪರಿನ ಹಾಳೆ ಮಗುಚಿ ಓದುತ್ತಲೇ ಕೂತಿದ್ದರು. ಅವಳು ಮಗುವನ್ನು ಎತ್ತಿಕೊಂಡಳು, ಅಪ್ಪನ ತಲೆಯ ಹಿಂಭಾಗವನ್ನು ನೋಡಿದಳು. ಆಮೇಲೆ ಗಮನಿಸುತ್ತಾ ಬಂದಳು. ಎದುರಿಗೆ ನಿಂತು ತುಟಿ ತೋರಿಸಿ ಆಡಿದ ಮಾತಿಗೆ ಸರಿಯಾದ ಉತ್ತರ, ಪಕ್ಕದಿಂದ ಆಡಿದ್ದಕ್ಕೆಲ್ಲ ಬರೀ "ಹೂಂ". ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು. ಕಿವಿಯಿಂದಲೇ ಮೇಸ್ತ್ರಿಯಾದವರಿಗೆ ಕಿವಿ ಇಲ್ಲವೆಂದು ತಿಳಿದರೆ ಮಾರನೇ ದಿನ ಗೇಟಿನೊಳಗೆ ಬಿಡುತ್ತಾರೆಯೇ? ಗಂಡನ ಹತ್ತಿರವೂ ಅವಳು ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ರೈಫಲ್ ಪಂದ್ಯ ಬಂತು. ಅವರ ಕಾರ್ಖಾನೆಯ ಕ್ಲಬ್ಬಿಗೂ ಪಕ್ಕದ ಸಿಮೆಂಟ್ ಕಾರ್ಖಾನೆಯವರಿಗೂ ಸ್ನೇಹದ ಪಂದ್ಯ. ಹಿಂದೆಲ್ಲ ಹಳೇ ಡಬ್ಬದ ರಟ್ಟಿಗೆ ಕಾಗದ ಅಂಟಿಸಿ ಗುರಿ ಮಾಡುತ್ತಿದ್ದರು. ಈ ಸಲ ಮೇಸ್ತ್ರಿ ತಾವೇ ಮುಂದೆ ಬಿದ್ದು, ಸರಪಳಿಗೆ ನೇತುಹಾಕುವ ಎಂಟು ಉಕ್ಕಿನ ಬಿಲ್ಲೆ ಮಾಡಿಕೊಡುತ್ತೇನೆ ಅಂದರು. ಗುಂಡು ತಾಗಿದರೆ ಠಣ್ ಅನ್ನಬೇಕು, ಅದೇ ಲೆಕ್ಕ.

ಪಂದ್ಯದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಅಪ್ಪನ ಮನೆಯ ಹಿತ್ತಲಲ್ಲಿ ಕೆಲಸ ನಡೆಯಿತು. ಅಪ್ಪ ಗುಜರಿ ತುಂಡುಗಳಿಂದ ಕತ್ತರಿಸಿದ ಬಿಲ್ಲೆಗಳನ್ನು ಒಂದೊಂದಾಗಿ ಬಡಿದು ಪಕ್ಕಕ್ಕಿಡುತ್ತಿದ್ದರು, ಅವಳು ಬಿಳಿ ಬಣ್ಣ ಬಳಿಯುತ್ತಿದ್ದಳು. ಮೂರು ಬಿಲ್ಲೆ ಠಣ್ ಎಂದವು. ನಾಲ್ಕನೆಯದು ಠಪ್ ಎಂದಿತು, ನೆನೆದ ಮರಕ್ಕೆ ಹೊಡೆದ ಹಾಗೆ. ಅಪ್ಪ ಕಣ್ಣು ಮುಚ್ಚಿದರು, ತಲೆಯಾಡಿಸಿದರು, ಅದನ್ನೂ ಒಳ್ಳೆಯವುಗಳ ಜೊತೆಗೇ ಇಟ್ಟರು.

ಅವಳ ಕುಂಚ ಗಾಳಿಯಲ್ಲೇ ನಿಂತಿತು. ಮೆತ್ತನೆ ಬಿಲ್ಲೆಗೆ ಗುಂಡು ತಾಗಿದರೆ ಗುಳಿ ಬೀಳುತ್ತದೆ. ಮುಂದಿನ ಗುಂಡು ಆ ಗುಳಿಯ ಅಂಚಿಗೆ ತಾಗಿದರೆ ಚೂರುಗಳು ಹೊಡೆದವನ ಮುಖಕ್ಕೇ ವಾಪಸ್ಸು. ಇದನ್ನು ಅವಳಿಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟವರು ಅಪ್ಪನೇ. ಆದರೆ ಕ್ಲಬ್ಬಿನ ಕಾರ್ಯದರ್ಶಿ ಅಲ್ಲೇ ಚಹಾ ಲೋಟ ಹಿಡಿದು ನಿಂತಿದ್ದರು, ಮತ್ತು ಕಾರ್ಖಾನೆಯ ಮ್ಯಾನೇಜರೂ ಅವರೇ. ಅವಳು ನಾಲ್ಕನೆಯದರ ಅಂಚಿನಲ್ಲಿ ಗುರುತಿಗೆಂದು ಸ್ವಲ್ಪ ಜಾಗವನ್ನು ಬಣ್ಣ ಬಳಿಯದೆ ಬಿಟ್ಟಳು. ಬೆಳಿಗ್ಗೆ ಹೇಗಾದರೂ ಅದನ್ನು ಇಳಿಸಿದರಾಯಿತು, ಯಾರ ಮಾನವೂ ಹೋಗಬೇಕಾಗಿಲ್ಲ ಅಂದುಕೊಂಡಳು.

ಭಾನುವಾರ ಅವಳು ಮಗುವಿನ ಜೊತೆ ಮೈದಾನ ತಲುಪುವಷ್ಟರಲ್ಲಿ ಎಂಟೂ ಬಿಲ್ಲೆಗಳು ಸಾಲಾಗಿ ತೂಗುತ್ತಿದ್ದವು. ಅಪ್ಪನ ಎದುರಿಗೆ ಹೋಗಿ ನಿಂತು, ನಾಲ್ಕನೆಯದರ ಕೊಕ್ಕೆ ಸಡಿಲವಾದ ಹಾಗಿದೆ, ಇಳಿಸಿಬಿಡೋಣ ಅಂದಳು.

"ಕೊಕ್ಕೆ ಬೆಸೆದಿದ್ದು ನಾನು ಕಣಮ್ಮ," ಅಂದರು ಅಪ್ಪ. "ಆನೆ ಜೋತುಬಿದ್ರೂ ಕಿತ್ತು ಬರಲ್ಲ."

ಇನ್ನೊಂದು ನೆಪ ಹುಡುಕುವುದರೊಳಗೆ ಸೀಟಿ ಊದಿದರು. ಅವರ ಕ್ಲಬ್ಬಿನ ಕಡೆಯಿಂದ ಮೊದಲ ಸರದಿ ಅವಳ ಗಂಡನದೇ. ಗೋಣಿಚೀಲದ ಮೇಲೆ ಬೋರಲು ಮಲಗಿ ಕೆನ್ನೆಯನ್ನು ರೈಫಲ್ಲಿಗೆ ಒತ್ತಿಕೊಂಡ. ಕೆಂಪು ಬಾವುಟ ಅಪ್ಪನ ಕೈಯಲ್ಲಿತ್ತು. ಅದು ಮೇಲಿರುವ ತನಕ ಯಾರೂ ಗುಂಡು ಹಾರಿಸುವಂತಿಲ್ಲ, ಇಳಿಯಿತೆಂದರೆ ಶುರು. ಅಪ್ಪನ ತೋಳು ಇಳಿಯತೊಡಗಿತು.

ಅವಳು ಮಗುವನ್ನು ಪಕ್ಕದಲ್ಲಿದ್ದವರ ಕೈಗೆ ಹಾಕಿದಳು. ಅದು ಕಾರ್ಯದರ್ಶಿ ಎಂದು ಆಮೇಲೆ ಗೊತ್ತಾಯಿತು. ಅಪ್ಪನ ಸಾಮಾನಿನ ಚೀಲದಿಂದ ಅರ ಎಳೆದುಕೊಂಡು ಓಡಿ ಅವರ ಮಣಿಕಟ್ಟು ಹಿಡಿದಳು. ಅರವನ್ನು ಅವರ ಇನ್ನೊಂದು ಅಂಗೈಗೆ ಒತ್ತಿದಳು.

"ನಾಲ್ಕನೇದು," ಅಂದಳು, ದನಿಯೇ ಇಲ್ಲದೆ, ತುಟಿ ಮಾತ್ರ ನಿಧಾನವಾಗಿ ಆಡಿಸಿ.

ಅಪ್ಪ ಅವಳ ತುಟಿ ನೋಡಿದರು. ಅರ ನೋಡಿದರು. ಮತ್ತೆ ಅವಳನ್ನೇ ನೋಡಿದರು. ಯಾವಾಗಿನಿಂದ ಗೊತ್ತು ನಿನಗೆ ಎಂದು ಕೇಳುವ ಹಾಗಿತ್ತು ಆ ನೋಟ. ಹಿಂದಿನಿಂದ ಕಾರ್ಯದರ್ಶಿ, ಬಾವುಟ ಇಳಿಸಿ ಮೇಸ್ತ್ರಿ, ಹೊತ್ತಾಯಿತು ಎಂದು ಎರಡು ಸಲ ಕೂಗಿದರು. ಮೇಸ್ತ್ರಿಗೆ ಮಗಳ ಅಪ್ಪಣೆ ಆಗಿಲ್ಲವಂತೆ ಎಂದು ಸಿಮೆಂಟಿನವರು ನಕ್ಕರು. ಬಿಲ್ಲೆಯಲ್ಲಿ ಬಿರುಕಿದೆ ಅನ್ನು ಅಪ್ಪ, ನಾನೂ ಹೌದು ಅಂತೀನಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

ಅಪ್ಪ ಬಾವುಟವನ್ನು ಪೂರ್ತಿ ಮೇಲೆತ್ತಿ ನೆಲಕ್ಕೆ ನೆಟ್ಟರು. ಕಾರ್ಯದರ್ಶಿಯ ಕಡೆ ತಿರುಗಿದರು.

"ಸಾರ್, ನನ್ನ ಕಿವಿ ಹೋಗಿದೆ. ಆರೇಳು ತಿಂಗಳಾಯ್ತು. ನಿನ್ನೆ ಎಂಟಕ್ಕೂ ತಲೆ ಆಡಿಸಿದೆ, ಒಂದೂ ಕೇಳಿಸಿರಲಿಲ್ಲ. ಎಲ್ಲದಕ್ಕೂ ಅರ ಹಾಕಿ ನೋಡ್ಬೇಕು."

ರೈಫಲ್ಲುಗಳನ್ನು ಖಾಲಿ ಮಾಡಿ ಕೆಳಗಿಟ್ಟ ಮೇಲೆ ಎಲ್ಲರೂ ಅವರ ಹಿಂದೆ ಬಿಲ್ಲೆಗಳ ಹತ್ತಿರ ನಡೆದರು. ಮೊದಲ ಮೂರರ ಮೇಲೆ ಅರ ಗಾಜಿನ ಮೇಲೆ ಜಾರಿದಂತೆ ಜಾರಿತು. ನಾಲ್ಕನೆಯದನ್ನು ಕಚ್ಚಿತು, ಪುಡಿ ಉದುರಿತು. ಸರಿ, ಕೆಟ್ಟಿದ್ದು ಸಿಕ್ಕಿತಲ್ಲ, ಇದನ್ನು ಇಳಿಸಿ ಶುರು ಮಾಡೋಣ ಎಂದರು ಕಾರ್ಯದರ್ಶಿ. ಅವಳಿಗೂ ಉಸಿರು ಬಂದಂತಾಗಿತ್ತು. ಅಪ್ಪನಿಗೆ ಕಾರ್ಯದರ್ಶಿಯ ಮಾತು ಕೇಳಿಸಲಿಲ್ಲ, ಐದನೆಯದಕ್ಕೆ ಹೋದರು. ಜಾರಿತು. ಆರನೆಯದಕ್ಕೆ ಹೋದರು.

ಅರ ಕಚ್ಚಿತು.

ಐದನೇ ಬಿಲ್ಲೆಗೆ ಬಣ್ಣ ಬಳಿದ ಮೇಲೆ ಅವಳು ಮಗುವಿಗೆ ಹಾಲು ಬಿಸಿ ಮಾಡಲು ಒಳಗೆ ಹೋಗಿದ್ದಳು. ಆರನೆಯದರ ಸದ್ದನ್ನು ಅವಳು ಕೇಳಿರಲೇ ಇಲ್ಲ. ಅವಳ ಉಪಾಯ ನಡೆದಿದ್ದರೆ ನಾಲ್ಕನೆಯದು ಕೆಳಗಿರುತ್ತಿತ್ತು, ಆರನೆಯದು ಅವಳ ಗಂಡನ ಮುಖದೆದುರು ತೂಗುತ್ತಿರುತ್ತಿತ್ತು.

ಏಳು, ಎಂಟನೆಯವುಗಳ ಮೇಲೆ ಅರ ಜಾರಿತು; ಕಚ್ಚಿದ ಎರಡನ್ನೂ ಇಳಿಸಿದರು. ಕಾರ್ಯದರ್ಶಿ ಮಗುವನ್ನು ಅವಳಿಗೆ ಒಪ್ಪಿಸಿ, ಅಪ್ಪನ ಎದುರಿಗೇ ಬಂದು ನಿಂತು, ಸೋಮವಾರ ಆಫೀಸಿಗೆ ಬನ್ನಿ ಮೇಸ್ತ್ರಿ ಅಂದರು. ಆ ಮುಖದಲ್ಲಿ ಸಿಟ್ಟಿತ್ತೋ ಮರುಕವಿತ್ತೋ ಅವಳಿಗೆ ತಿಳಿಯಲಿಲ್ಲ. ಅಪ್ಪ "ಆಗಲಿ ಸಾರ್" ಅಂದು, ಬಾವುಟವನ್ನು ಕಿತ್ತು ಇನ್ನೊಬ್ಬರ ಕೈಗೆ ಕೊಟ್ಟು, ಬಂದು ಅವಳ ಪಕ್ಕ ಬೆಂಚಿನ ಮೇಲೆ ಕೂತರು. ಅರ ಇನ್ನೂ ಮುಷ್ಟಿಯಲ್ಲೇ ಇತ್ತು.

ಆರು ಬಿಲ್ಲೆಗಳ ಪಂದ್ಯ ಶುರುವಾಯಿತು. ಅವಳ ಗಂಡ ಮೊದಲ ಗುಂಡು ಹಾರಿಸಿದ.

"ಬಿತ್ತಾ?" ಅಪ್ಪ ಕೇಳಿದರು.

ಅವಳು ಅವರ ಮೊಣಕಾಲನ್ನು ಒಮ್ಮೆ ತಟ್ಟಿದಳು. ಎರಡನೆಯದಕ್ಕೂ ತಟ್ಟಿದಳು, ಮೂರನೆಯದಕ್ಕೂ. ಆಮೇಲೆ ಅಪ್ಪ ಕೇಳುವುದನ್ನು ಬಿಟ್ಟು ಅವಳ ಕೈಯನ್ನೇ ನೋಡುತ್ತಾ ಕೂತರು. ನಾಲ್ಕನೇ ಗುಂಡಿಗೆ ಆ ಕೈ ಏಳಲೇ ಇಲ್ಲ.

"ಅಳಿಯಂದ್ರು ಗಾಳಿಗೆ ಹೊಡೆದ್ರು," ಅಂದರು ಅಪ್ಪ, ಇಡೀ ಮೈದಾನಕ್ಕೆ ಕೇಳುವಷ್ಟು ಜೋರಾಗಿ.