ಮಂಗಳವಾರದ ರೈಲು, ಸೋಮವಾರದ ಚೀಲ

ನಮ್ಮದು ರೈಲಿಲ್ಲದ ಊರುಗಳ ಸಂಸಾರ. ಅವ್ವ ನನ್ನ ಜೊತೆ ಚನ್ನಗಿರಿಯಲ್ಲಿ, ಅಕ್ಕ ಹೊನ್ನಾಳಿಯಲ್ಲಿ, ತಂಗಿ ನ್ಯಾಮತಿಯಲ್ಲಿ, ತಮ್ಮ ಜಗಳೂರಿನಲ್ಲಿ. ರೈಲು ಬೇಕೆಂದರೆ ಎಲ್ಲರೂ ಮೊದಲು ಬಸ್ಸು ಹಿಡಿದು ದಾವಣಗೆರೆ ಸೇರಬೇಕು. ಅಂಥ ನಾವು ಒಟ್ಟಾಗಿ ರೈಲಿನಲ್ಲಿ ಗೋವಾಕ್ಕೆ ಹೋಗುವುದೆಂದು ನಿರ್ಧರಿಸಿದೆವು. ನಿರ್ಧರಿಸಿದವಳು ನಾನು, ಉಳಿದವರು ಮೊಬೈಲಿನಲ್ಲಿ ಹೆಬ್ಬೆರಳು ಎತ್ತಿದರು, ಅಷ್ಟೇ.

ಇದೆಲ್ಲ ಅವ್ವನಿಗಾಗಿ. ಅವಳಿಗೆ ಬಸ್ಸು ಆಗಿಬರುವುದಿಲ್ಲ. ಹತ್ತಿದ ಕೂಡಲೇ ಸೆರಗು ಮೂಗಿಗೆ, ಅಂಗೈಯಲ್ಲಿ ನಿಂಬೆಹಣ್ಣು, ತಲೆ ಮಂಡಿಯ ಮೇಲೆ. ಕಾರಂತೂ ಬೇಡವೇ ಬೇಡ, ಬಾಗಿಲು ಹಾಕಿದ ವಾಸನೆಗೇ ಹೊಟ್ಟೆ ತೊಳಸುತ್ತದೆ. ಮಾತ್ರೆ ನುಂಗಿದರೆ ಮರುದಿನದವರೆಗೂ ಮಂಪರು. ಹೀಗಾಗಿ ಮಕ್ಕಳ ಮನೆ ಬಿಟ್ಟರೆ ಎಲ್ಲಿಗೂ ಹೋದವಳಲ್ಲ. ರೈಲಿನಲ್ಲಿ ಹಾಗಾಗುವುದಿಲ್ಲ ಎಂದು ಯಾರೋ ಹೇಳಿದ್ದೇ ತಡ, ನನ್ನ ತಲೆಗೆ ಹುಳ ಹೊಕ್ಕಿತು. ಸಂಜೆ ದಾವಣಗೆರೆಯಲ್ಲಿ ಹತ್ತಿದರೆ ಬೆಳಕು ಹರಿಯುವ ಹೊತ್ತಿಗೆ ಘಟ್ಟ, ಕಿಟಕಿಯಾಚೆ ದೂಧ್‌ಸಾಗರ ಜಲಪಾತ. ಅದನ್ನು ಅವ್ವನಿಗೆ ತೋರಿಸಲೇಬೇಕು.

ಅಂದಿನಿಂದ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಜಲಪಾತ ಬರುವುದು ಎಡಕ್ಕೋ ಬಲಕ್ಕೋ? ಕಿಟಕಿಯ ಸೀಟು ಅವ್ವನಿಗೇ ಸಿಗುವುದು ಹೇಗೆ? ಮಂಜು ಮುಸುಕಿದರೆ? ಒಲೆಯ ಮೇಲೆ ಹಾಲು ಉಕ್ಕಿದರೂ ನನ್ನ ಕಣ್ಣು ಮೊಬೈಲಿನಲ್ಲೇ. ತಮ್ಮ ಫೋನಿನಲ್ಲಿ ರೇಗಿಸಿದ: “ಅಕ್ಕಾ, ನಿನ್ನ ನೋಡಿದ್ರೆ ರೈಲಿಗಿಂತ ಮೊದಲು ನೀನೇ ಗೋವಾ ಮುಟ್ತೀಯ ಬಿಡು.”

ಟಿಕೆಟ್ ಸಿಕ್ಕಿದ್ದು ಮಂಗಳವಾರಕ್ಕೆ. ಬೆಳ್ಳುಳ್ಳಿ ಬಿಡಿಸುತ್ತಿದ್ದ ಅವ್ವ ತಲೆಯನ್ನೂ ಎತ್ತದೆ, “ಮಂಗಳವಾರ ನಾನು ಹೊಸ್ತಿಲು ದಾಟಲ್ಲ” ಎಂದಳು.

ನನಗೆ ಪಿತ್ತ ನೆತ್ತಿಗೇರಿತು. “ರೈಲಿಗೆ ವಾರ ಗೀರ ಗೊತ್ತೈತೇನವ್ವಾ?”

“ಸೋಮವಾರ ಪ್ರಸ್ಥಾನ ಇಟ್ರಾತು.”

ಹೊರಡುವ ದಿನ ಒಳ್ಳೆಯದಲ್ಲದಿದ್ದರೆ ಮುಂಚೆಯೇ ಒಳ್ಳೆಯ ದಿನ ನೋಡಿ ಚೀಲವನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದು ನಮ್ಮಲ್ಲಿ ರೂಢಿ. ಚೀಲ ಹೊರಟರೆ ಮನುಷ್ಯರು ಹೊರಟಂತೆಯೇ ಲೆಕ್ಕ. ಸರಿ, ಪಕ್ಕದ ಮನೆಯಲ್ಲಿ ಇಟ್ಟು ಬರುತ್ತೇನೆ ಎಂದೆ. ಅದಕ್ಕೂ ಒಪ್ಪಲಿಲ್ಲ. “ತ್ಯಾವಣಿಗೇಲಿ ನಿಮ್ಮ ಚಿಕ್ಕಮ್ಮನ ಮನೇಲಿ ಇಡ್ಬೇಕು. ಚೀಲದ ಜೊತೆ ನಾನೂ ಹೋಗ್ತೀನಿ.”

“ಒಂದು ಚೀಲಕ್ಕೆ ಅಲ್ಲಿ ತನಕ ಮೆರವಣಿಗೆನಾ?” ಎಂದು ಕೂಗಾಡಿದೆ. ಅಕ್ಕನಿಗೆ ಫೋನ್ ಮಾಡಿ ದೂರಿದರೆ ಅವಳು ನಕ್ಕಳು. ನನಗೆ ನಗು ಬರಲಿಲ್ಲ. ತ್ಯಾವಣಿಗೆ ದಾವಣಗೆರೆಯ ದಾರಿಯಲ್ಲೇ ಸಿಗುತ್ತದೆ, ನಿಜ. ಆದರೆ ಒಂದರ ಬದಲು ಎರಡು ಸಲ ಬಸ್ಸು ಹತ್ತಬೇಕಲ್ಲ! ಬಸ್ಸಿಳಿದು ಸುಸ್ತಾಗಿ, “ನೀವು ಹೋಗ್ಬರ್ರಿ, ನಾನಿಲ್ಲೇ ಇರ್ತೀನಿ” ಎಂದುಬಿಟ್ಟರೆ? ಅದೇ ನನ್ನ ಹೆದರಿಕೆ.

ಸೋಮವಾರ ಬಸ್ಸು ಹತ್ತಿದೆವು. ಅದೇ ಸೆರಗು, ಅದೇ ನಿಂಬೆಹಣ್ಣು. ನಾನು ಅವಳ ಬೆನ್ನು ಸವರುತ್ತಾ ಕೂತೆ. ಹೊಟ್ಟೆ ಪೂರ್ತಿ ಕೆಡುವ ಮೊದಲೇ ತ್ಯಾವಣಿಗೆ ಬಂತು. ಚಿಕ್ಕಮ್ಮ ಮಜ್ಜಿಗೆ ಕೊಟ್ಟಳು. ಸ್ವಲ್ಪ ಹೊತ್ತಿನಲ್ಲಿ ಅವ್ವನ ಮುಖಕ್ಕೆ ಕಳೆ ಬಂತು, ರೊಟ್ಟಿಯನ್ನೂ ತಿಂದಳು. ನನಗೆ ತಡೆಯಲಾಗಲಿಲ್ಲ.

“ನಾಳೆ ಬರ್ತೀಯೋ, ಇಲ್ಲೇ ಇರ್ತೀಯೋ? ಈಗಲೇ ಹೇಳಿಬಿಡು.”

“ಅಯ್ಯ ಹುಚ್ಚಿ, ಬರಾಕೇ ಅಲ್ವೇನೇ ಇಲ್ಲಿಗೆ ಬಂದಿದ್ದು? ಒಂದೇ ಸಲಕ್ಕೆ ದಾವಣಗೆರೆಗೆ ಹೋದ್ರೆ ಮಾರನೇ ದಿನ ತಲೆ ಎತ್ತಾಕೆ ಆಗಲ್ಲ. ಅರ್ಧ ಇವತ್ತು, ಅರ್ಧ ನಾಳೆ. ಹಂಗಂತ ಹೇಳಿದ್ರೆ ನೀನು ಮಾತ್ರೆ ನುಂಗಿಸ್ತಿದ್ದೆ. ಮಂಗಳವಾರ ಅಂದ್ರೆ ಬೈಕೊಂಡಾದ್ರೂ ಕರ್ಕೊಂಡು ಬರ್ತೀಯ.”

ಅವಳು ಕೈ ಒರೆಸಿಕೊಳ್ಳುತ್ತಾ ಮುಂದುವರಿಸಿದಳು.

“ನಿಮ್ಮಕ್ಕನ ಮನೆಗೆ ಎಷ್ಟು ಸಲ ಹೋಗಿದೀನಿ. ಹೊನ್ನಾಳಿ ಸೇತುವೆ ಬಂತು ಅಂತ ಬಸ್ಸಿನ ಸದ್ದಿಗೇ ಗೊತ್ತಾಗ್ತೈತೆ. ಹೊಳೆ ಹೆಂಗೈತೆ ಅಂತ ಇವತ್ತಿನ ತನಕ ನೋಡಿಲ್ಲ. ಈ ಜಲಪಾತನಾದ್ರೂ ಕಣ್ಣು ಬಿಟ್ಟು ನೋಡ್ಬೇಕು.”

ಬಸ್ಸಿನಲ್ಲಿ ಕಿಟಕಿಯ ಸೀಟು ಯಾವಾಗಲೂ ಅವ್ವನದೇ. ವಾಂತಿ ಬಂದೀತೆಂದು ಎಲ್ಲರೂ ಬಿಟ್ಟುಕೊಡುತ್ತಿದ್ದರು.

ಎದ್ದು ಅಂಗಳಕ್ಕೆ ಬಂದು ಅಕ್ಕನಿಗೆ ಫೋನ್ ಮಾಡಿದೆ. “ವಾಪಸ್ ಬರುವಾಗ ನಿಮ್ಮೂರಿಗೆ ಬರ್ತೀವಿ. ಸೇತುವೆಗೆ ಮುಂಚೇನೇ ಇಳಿದು ಅವ್ವನ್ನ ನಡೆಸ್ಕೊಂಡು ದಾಟಿಸ್ಬೇಕು.”

“ನಡ್ಕೊಂಡು ಯಾಕೆ?” ಅಕ್ಕ ನಕ್ಕಳು. “ಅವ್ವ ನೋಡದೇ ಇರೋ ಹೊಳೆನಾ ಅದು?”

“ಹೌದಕ್ಕಾ,” ಎಂದೆ. “ನೋಡಿಲ್ಲ.”