ಕಡಲು ತಿಂದದ್ದನ್ನು ಅಳೆಯುವ ಟೇಪಕ್ಕ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಕಡಲ ದಿಬ್ಬದ ಮೇಲೆ ಐವತ್ತೆಂಟರ ಹೆಂಗಸೊಬ್ಬರು ಬೋರಲು ಮಲಗಿ, ತಲೆಯನ್ನಷ್ಟೇ ಅಂಚಿನಾಚೆ ಚಾಚಿದ್ದಾರೆ. ಅಳತೆ ಟೇಪಿನ ಒಂದು ತುದಿ ಹಿಂದಿನ ಕಬ್ಬಿಣದ ಗೂಟಕ್ಕೆ ಸಿಕ್ಕಿಕೊಂಡಿದೆ, ಇನ್ನೊಂದು ಅವರ ಕೈಯಲ್ಲಿದೆ. ನಲವತ್ತು ಅಡಿ ಕೆಳಗೆ ಅಲೆ ಬಡಿದಾಗಲೆಲ್ಲ ಎದೆಯಡಿಯ ನೆಲ ಸಣ್ಣಗೆ ಅದುರುತ್ತದೆ. “ಹದಿನೇಳು ಅಡಿ ಎರಡಿಂಚು” ಎಂದು ತಮಗೆ ತಾವೇ ಹೇಳಿಕೊಂಡು ಬರೆದುಕೊಳ್ಳುತ್ತಾರೆ. ಹೋದ ತಿಂಗಳು ಹದಿನೆಂಟಿತ್ತು.

ಊರಿಗೆ ಇವರು ಟೇಪಕ್ಕ. ಸರ್ವೆ ಕಚೇರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಹಂಗಾಮಿ ನೌಕರಿ. ಮೂರು ಮೈಲಿ ದಿಬ್ಬದುದ್ದಕ್ಕೂ ನಲವತ್ತೆರಡು ಗೂಟ, ತಿಂಗಳಿಗೊಮ್ಮೆ ಎಲ್ಲವನ್ನೂ ಅಳೆಯಬೇಕು. ಮಂಡಿಚಿಪ್ಪು ಎರಡೂ ಸವೆದಿವೆ. “ಕಡಲು ದಿಬ್ಬಾನ ಸವೆಸುತ್ತೆ, ದಿಬ್ಬ ನನ್ನನ್ನ ಸವೆಸುತ್ತೆ” ಎಂದು ನಗುತ್ತಾರೆ.

ನೀರಿನ ನಡುವೆ ಒಂಟಿಯಾಗಿ ನಿಂತ ಕಲ್ಲುಕಂಬವನ್ನು ತೋರಿಸುತ್ತಾರೆ. “ನಾನು ಸೇರಿದಾಗ ಅದು ದಿಬ್ಬಕ್ಕೇ ಅಂಟಿಕೊಂಡಿತ್ತು. ಮೆತ್ತನೆ ಕಲ್ಲು. ಮೊದಲು ಬುಡದಲ್ಲಿ ಗವಿ ಆಯ್ತು. ಗವಿ ಆಚೆಗೂ ತೂತಾಗಿ ಕಮಾನಾಯ್ತು. ಕಮಾನಿನ ನೆತ್ತಿ ಬಿತ್ತು, ಕಂಬ ಉಳೀತು. ಬಂದೋರೆಲ್ಲ ಫೋಟೊ ತೆಗೀತಾರೆ. ನನಗೆ ಆ ಕಮಾನಿನ ಮೇಲಿದ್ದ ದಾರಿ ಕಾಣುತ್ತೆ.”

ಹನ್ನೆರಡು ವರ್ಷದ ಹಿಂದೆ ಬಡಗಣ ಬಂದರಿಗೆ ಉದ್ದನೆಯ ತಡೆಗೋಡೆ ಕಟ್ಟಿದರು. ದಂಡೆಗುಂಟ ಸಾಗಿ ಬರುತ್ತಿದ್ದ ಮರಳು ಗೋಡೆಯಾಚೆಗೇ ನಿಂತಿತು. ಅಲ್ಲಿನ ಹೋಟೆಲುಗಳ ಮುಂದೆ ದಂಡೆ ಅಗಲವಾಯಿತು. ಇಲ್ಲಿ ದಿಬ್ಬದ ಬುಡಕ್ಕೆ ಒತ್ತಾಗಿದ್ದ ಮರಳು ಕರಗಿ, ಅಲೆ ನೇರವಾಗಿ ಕಲ್ಲಿಗೇ ಬಾಯಿ ಹಾಕಿತು. ಟೇಪಕ್ಕನ ಪುಸ್ತಕದಲ್ಲಿ ಎಲ್ಲವೂ ಇದೆ. ಕಚೇರಿ ಮಾತ್ರ ಗೋಡೆಗಿಂತ ಹಿಂದಿನ ವರ್ಷಗಳನ್ನೂ ಸೇರಿಸಿ ಸರಾಸರಿ ತೆಗೆದು, ವರ್ಷಕ್ಕೆ ಒಂದೇ ಅಡಿ ಎಂದು ನಕ್ಷೆ ಮಾಡಿತು. ನಕ್ಷೆಯ ಮೇಲೆ ಅಧಿಕಾರಿಯ ಸಹಿ ಇದೆ. ಅಳೆದವರ ಹೆಸರಿಲ್ಲ.

ಆ ನಕ್ಷೆಯ ಪ್ರಕಾರ ಟೇಪಕ್ಕನ ತಮ್ಮನ ಮನೆಗೆ ಇನ್ನೂ ಮೂವತ್ತು ವರ್ಷ ಆಯಸ್ಸಿತ್ತು. ಆರು ವರ್ಷದ ಹಿಂದೆ ಮನೆಗೂ ರಸ್ತೆಗೂ ನಡುವೆ ಬೆರಳು ತೂರುವಷ್ಟು ಬಿರುಕು ಕಂಡಿತು. ಕಚೇರಿಯ ಅಳತೆ ಫಾರಮ್ಮಿನಲ್ಲಿ ಬಿರುಕಿಗೆಂದು ಕಾಲಮ್ಮೇ ಇರಲಿಲ್ಲ. ಟೇಪಕ್ಕ ಪಕ್ಕದ ಖಾಲಿ ಜಾಗದಲ್ಲಿ ಬರೆದು ಕಳಿಸಿದರು, ತಮ್ಮನಿಗೂ ಹೇಳಿದರು.

“ಮೂವತ್ತು ವರ್ಷ ಅಂತ ನಿನ್ನ ಅಳತೆಯಿಂದಲೇ ಅಲ್ವೇನಕ್ಕಾ ಹೇಳಿರೋದು?” ಎಂದು ತಮ್ಮ ನಕ್ಕ.

ಅದಾದ ಹದಿನೆಂಟನೇ ದಿನ, ಮಟಮಟ ಮಧ್ಯಾಹ್ನ, ಬಿರುಕಿನವರೆಗಿನ ಅರವತ್ತು ಅಡಿ ನೆಲ ಮನೆಯ ಸಮೇತ ಒಂದೇ ಸಲಕ್ಕೆ ಕುಸಿಯಿತು. ತಮ್ಮ ಪೇಟೆಯ ಗ್ಯಾರೇಜಿನಲ್ಲಿ ಕೆಲಸದಲ್ಲಿದ್ದ. ಅವನ ಹೆಂಡತಿ ಒಲೆಯ ಮುಂದಿದ್ದಳು. ಅವಳ ದೇಹ ಸಿಕ್ಕಿದ್ದು ಮೂರನೇ ದಿನ.

“ಕಡಲಿಗೆ ಸರಾಸರಿ ಗೊತ್ತಿಲ್ಲ. ಐದು ವರ್ಷ ಸುಮ್ಮನಿದ್ದು ಒಂದೇ ತುತ್ತಿಗೆ ನುಂಗುತ್ತೆ” ಎನ್ನುತ್ತಾರೆ. ತನಿಖೆ ನಡೆದು ‘ಪ್ರಕೃತಿ ವಿಕೋಪ’ ಎಂದು ಮುಗಿಯಿತು. ಬಿರುಕಿನ ಬಗ್ಗೆ ಇವರು ಬರೆದ ಸಾಲನ್ನು ಯಾರೂ ಓದಿರಲಿಲ್ಲ.

ತಮ್ಮ ಈಗ ಒಳಗಿನ ಬೀದಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಾನೆ. ಅಕ್ಕ ಎದುರಾದರೆ ಆಚೆ ಬದಿಗೆ ದಾಟುತ್ತಾನೆ. “ಅವನದೇನೂ ತಪ್ಪಿಲ್ಲ. ಕೈ ಹಿಡಿದು ಎಳೆದು ತರಬೇಕಿತ್ತು ನಾನು. ಕಾಗದ ಬರೆದು ಕೂತೆ.” ಟೇಪಿಗೆ ಮೆತ್ತಿದ ಮಣ್ಣನ್ನು ಸೆರಗಿನಿಂದ ಒರೆಸುತ್ತಾರೆ.

ಕಳೆದ ಮಳೆಗಾಲದಲ್ಲಿ ಏಳು ಮನೆಗಳ ಹಿಂದೆ ಮತ್ತೆ ಬಿರುಕು ಕಂಡಿತು. ಈ ಸಲ ಅವರು ಕಚೇರಿಗೆ ಹೋಗಲಿಲ್ಲ. ಮನೆಮನೆಯ ಬಾಗಿಲು ತಟ್ಟಿದರು, ಬೈಗುಳ ತಿಂದರು, ಒಬ್ಬ ಮುದುಕರ ಮಂಚವನ್ನು ತಾವೇ ಹೊರಗೆಳೆದರು. ಎಲ್ಲರೂ ಹೊರಟು ನಾಲ್ಕು ದಿನಕ್ಕೆ ಐದು ಮನೆ ನೀರುಪಾಲಾದವು. ಯಾರೂ ಸಾಯಲಿಲ್ಲ. ಆದರೆ ಕಚೇರಿಯಿಂದ ಮೆಮೊ ಬಂತು: ಅಧಿಕಾರವಿಲ್ಲದೆ ಜನರಲ್ಲಿ ಭೀತಿ ಹುಟ್ಟಿಸಿದ್ದಕ್ಕೆ ವಿವರಣೆ ಕೊಡಿ.

ಮೆಮೊ ಇನ್ನೂ ರದ್ದಾಗಿಲ್ಲ. ಮುಂದಿನ ವರ್ಷ ಕೆಲಸ ಮುಗಿಯುತ್ತದೆ. ಇವರ ಜಾಗಕ್ಕೆ ಯಾರನ್ನೂ ನೇಮಿಸಿಲ್ಲ.

ಮೆಮೊಗೆ ಉತ್ತರ ಕೊಟ್ಟಿರಾ ಎಂದು ಕೇಳಿದೆ. ಮುಂದಿನ ಗೂಟದ ಕಡೆಗೆ ಹೆಜ್ಜೆ ಹಾಕುತ್ತಲೇ ಹೇಳಿದರು:

“ಕೊಟ್ಟೆನಲ್ಲ, ಒಂದೇ ಸಾಲು. ಹೌದು, ಹೆದರಿಸಿದ್ದೇನೆ ಅಂತ.”